ಬೀರಪ್ಪನ ಗುಡ್ಡದ ಕೌದಿ

ಮದುವೆಯ ವಿಡಿಯೋದಲ್ಲಿ ಮದುಮಗಳ ಮುಖ ಇರಬೇಕು, ಗುಡ್ಡವಲ್ಲ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲು ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದು, ಕಮತಗಿಯ ನನ್ನ ಸ್ಟುಡಿಯೋ ಬಾಗಿಲು ಮುಚ್ಚಿತ್ತು. ಬೀಗರು ಊಟಕ್ಕೆ ಕೂತರೆ ನನ್ನ ಕ್ಯಾಮೆರಾ ಕುರಿಗಳ ಹಿಂದೆ ಹೋಗುತ್ತಿತ್ತು. ಜನ ಬೈದು ವಾಪಸ್ ಕೊಟ್ಟ ಕ್ಯಾಸೆಟ್ಟುಗಳೇ ಎರಡು ಚೀಲ ಇದ್ದವು.

ಆ ಚೀಲ ಕೇಳಿಕೊಂಡು ಗೀತಾಂಜಲಿ ಬಂದಳು. ಬೀರಪ್ಪ ದೇವರ ಒಕ್ಕಲಿನ ರಂಗವ್ವನ ಮೊಮ್ಮಗಳು, ಸಿನಿಮಾ ಕಲಿತ ಹುಡುಗಿ.

“ಕಾಕಾ, ಹೊಸಾದೇನೂ ಶೂಟ್ ಮಾಡಂಗಿಲ್ಲ. ನಮ್ಮಾಯಿ ಹರಕ ಸೀರಿಲೇ ಕೌದಿ ಹೊಲೀತಾಳಲ್ಲ, ಹಂಗ ನಿಮ್ಮ ವಿಡಿಯೋ ಚೂರು ಜೋಡಿಸಿ ಒಂದು ಸಿನಿಮಾ ಹೊಲೀತೇನಿ. ಬೀರಪ್ಪನ ಗುಡ್ಡ ಈಗ ನಿಮ್ಮ ಕ್ಯಾಸೆಟ್ಟಿನಾಗಷ್ಟ ಉಳದೈತಿ.”

ಖರೆ ಮಾತು. ಗುಡ್ಡವನ್ನು ಕಲ್ಲಿಗಾಗಿ ಕಡಿದು ಕಡಿದು, ಈಗ ಅಲ್ಲಿ ನೀರು ನಿಂತ ಖಣಿ ಇದೆ.

“ಎಲ್ಲಾ ಒಯ್ಯವ್ವಾ. ನಿಮ್ಮಪ್ಪನ ಮದಿವಿದೊಂದು ಬಿಡು” ಎಂದೆ.

ರಂಗವ್ವನ ಒಬ್ಬನೇ ಮಗನ ಮದುವೆಯದು. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ನಾನು ಗುಡ್ಡ ಇಳಿಯುವ ಕುರಿಗಳನ್ನು ತೆಗೆಯುತ್ತ ನಿಂತಿದ್ದೆ. ಅಂದಿನಿಂದ ಇಪ್ಪತ್ತಾರು ವರ್ಷ ರಂಗವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಎದುರಾದರೆ ಸೆರಗು ಎಳೆದುಕೊಂಡು ಓಣಿ ಬದಲಿಸುತ್ತಿದ್ದಳು. ಸಾಯುವುದರೊಳಗೆ ಆಕೆ ನನ್ನನ್ನು ಒಮ್ಮೆ ಮಾತಾಡಿಸಿದರೆ ಸಾಕು ಎಂದು ನನಗೆ ಬಹಳ ಅನಿಸುತ್ತಿತ್ತು. ಹುಡುಗಿ ಕೇಳಬೇಕಲ್ಲ, ಆ ಕ್ಯಾಸೆಟ್ಟನ್ನೂ ಒಯ್ದಳು.

ಒಂದು ರವಿವಾರ ಮಧ್ಯಾಹ್ನ ಗೀತಾಂಜಲಿ ನನ್ನನ್ನು ರಂಗವ್ವನ ಪಡಸಾಲೆಗೆ ಕರೆದಳು. ಬಾಗಿಲು ಕಿಟಕಿಗಳಿಗೆ ಕರಿ ಕಂಬಳಿ ಇಳಿಬಿಟ್ಟು ಕತ್ತಲೆ ಮಾಡಿದ್ದರು. ಸುಣ್ಣದ ಗೋಡೆಯ ಮೇಲೆ ಸಿನಿಮಾ. ಮದುಮಕ್ಕಳಿಲ್ಲ, ಬೀಗರಿಲ್ಲ. ಮಳೆಯಲ್ಲಿ ಗುಡ್ಡ, ಬಿಸಿಲಲ್ಲಿ ಗುಡ್ಡ, ಗುಡಿಯ ಮುಂದೆ ಹಾರಿದ ಭಂಡಾರದ ಹಳದಿ ಧೂಳು. ಆಮೇಲೆ ಅಕ್ಕಿಕಾಳು ಹಾಕುವಾಗಿನ “ಸಾವಧಾನ” ಎಂಬ ಕೂಗು ಕೇಳಿತು. ಗೋಡೆಯ ತುಂಬ ಕುರಿಗಳು ಇಳಿದವು. ನಾನು ತಲೆ ತಗ್ಗಿಸಿದೆ.

ರಂಗವ್ವ ಎದ್ದುಹೋಗಿ ಗೋಡೆಗೆ ಕೈಯಿಟ್ಟಳು.

“ಇಲ್ಲೇ ಬಾರಿಗಿಡ ಇತ್ತು. ಇಲ್ಲೇ ನಮ್ಮನಿಯವರು ಮರಿ ಹೊತಗೊಂಡು ಇಳೀತಿದ್ದರು.”

ಗೋಡೆಗೇ ಕೈಮುಗಿದಳು. ನನ್ನ ಕಣ್ಣು ಒದ್ದೆಯಾದವು.

ಮುಗಿದ ಮೇಲೆ ಮೊಮ್ಮಗಳನ್ನು ಕೇಳಿದಳು: “ಕೌದಿ ಹೊಟ್ಟಿ ತುಂಬಿಸೀಯೇನ?”

ನಮ್ಮ ಕಡೆ ಕೌದಿಯ ಕೊನೆಯ ಅಂಚು ಹೊಲಿಯುವಾಗ ಒಳಗೊಂದು ರೊಟ್ಟಿ ಚೂರು ಇಡುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡದು ಎಂಬ ನಂಬಿಕೆ.

“ಹೊಸಾದೇನೂ ತಗಿಬಾರದಂತ ನಾನs ಅಂದೇನಲ್ಲ, ಆಯಿ” ಎಂದಳು ಗೀತಾಂಜಲಿ.

“ಹುಚ್ಚಿ, ಅರಿವಿ ಹಳೇದಿರಲಿ. ರೊಟ್ಟಿ ಇವತ್ತಿಂದs ಆಗಬೇಕು.” ಹಾಗೆಂದವಳು ನನ್ನ ಕಡೆ ತಿರುಗಿದಳು. “ಏನಪಾ ರಾಜಕುಮಾರ, ಕ್ಯಾಮೆರಾ ನಡೀತೈತೋ ಇಲ್ಲೋ?”

ನಾನು ಗೋಣು ಹಾಕಿ, ಕ್ಯಾಮೆರಾ ತರಲು ಮನೆಗೆ ಓಡಿದೆ.

ಅಂದೇ ಸಂಜೆ, ಗುಡ್ಡವಿದ್ದ ಜಾಗದ ಖಣಿಯ ದಂಡೆಯಲ್ಲಿ ಕೂತು ರಂಗವ್ವ ಬಿಸಿ ರೊಟ್ಟಿ ಮುರಿದು ಮೀನುಗಳಿಗೆ ಹಾಕತೊಡಗಿದಳು. ಈ ಸಲ ತಪ್ಪಬಾರದೆಂದು ಉಸಿರು ಬಿಗಿಹಿಡಿದು ಆಕೆಯ ಮುಖವನ್ನೇ ತೆಗೆಯುತ್ತಿದ್ದೆ. ಅಷ್ಟರಲ್ಲಿ ಆಚೆ ದಂಡೆಯಿಂದ ಬೆಳ್ಳಕ್ಕಿಯ ಹಿಂಡು ಎದ್ದಿತು. ನಾನು ಅಲುಗಲಿಲ್ಲ.

“ಅಲ್ಲೋ, ಬೆಳ್ಳಕ್ಕಿ ಹಾರ್ಯಾವು ನೋಡು” ಎಂದಳು ರಂಗವ್ವ. “ಮೊದಲ ಅವನ್ನ ತಗಿ. ನಾ ಎಲ್ಲಿ ಹೊಂಟೇನಿ?”