ತಲೆದಿಂಬಿನ ಕೆಳಗಿನ ಟವೆಲ್

ಉಮೇಶ ಬಾಗಿಲಲ್ಲೇ ನಿಂತು ಟವೆಲ್ಲನ್ನು ಹೊಲಿಗೆ ಯಂತ್ರದ ಮೇಲೆ ಎಸೆದ.

"ಇದು ನಿಮ್ ಕೈ ಹೊಲ್ಗೆ ತಾನೆ ಸುಗುಣಕ್ಕ?"

ಸುಗುಣಮ್ಮನ ಪಾದ ಪೆಡಲಿನ ಮೇಲೆ ಹಾಗೇ ನಿಂತಿತು. ಚೌಕಳಿ ಟವೆಲ್ಲು. ಒಂದು ಮೂಲೆಯಲ್ಲಿ ಎಣ್ಣೆ ಹೀರಿದ ಕಲೆ. ಹರಿದಿದ್ದ ಅಂಚಿಗೆ ನೇರಳೆ ದಾರದ ಹೊಲಿಗೆ. ಹರಿದ ಬಟ್ಟೆ ಕಣ್ಣಿಗೆ ಬಿದ್ದರೆ ಸುಮ್ಮನಿರುವ ಕೈಯಲ್ಲ ಅವಳದು. ಅವತ್ತು ಪ್ರಾರ್ಥನೆ ಮುಗಿಸಿ ಎದ್ದವಳೇ ಯಂತ್ರದಲ್ಲಿ ಯಾವ ದಾರವಿತ್ತೋ ಅದರಲ್ಲೇ ಹೊಲಿದುಬಿಟ್ಟಿದ್ದಳು. ಹಳೇಬೀಡಿನಲ್ಲಿ ಅರ್ಧ ಊರಿನ ರವಿಕೆ ಹೊಲಿಯುವವಳ ಕೈ ಯಾರಿಗೆ ಗೊತ್ತಾಗುವುದಿಲ್ಲ?

"ಹೌದು," ಎಂದಳು.

ಅವನು ಕೂಗಾಡಲಿಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಹಾಸನದ ಆಸ್ಪತ್ರೆಯವರು ಕೈಬಿಟ್ಟ ಮೇಲೂ ಅಪ್ಪ ಮಾತಾಡಿಕೊಂಡು ಇದ್ದರಂತೆ, ಭಾನುವಾರದಿಂದ ನಾಲಗೆ ಬಿದ್ದುಹೋಗಿದೆ. ಶಾಸ್ತ್ರ ಕೇಳಿಸಿದರೆ, ತಲೆಯ ಕೆಳಗೆ ಬಟ್ಟೆ ಇದೆ, ಹೋಗಿ ನೋಡು ಎಂದು ಬಂತು. ದಿಂಬು ಎತ್ತಿದರೆ ಇದು. ಮಾಟ ಮಾಡಿದವರೇ ಬಂದು ಬಿಚ್ಚಬೇಕಂತೆ, ಬೇರೆ ದಾರಿ ಇಲ್ಲವಂತೆ. ಆ ದನಿಗೇ ಸುಗುಣಮ್ಮನಿಗೆ ಹೆಚ್ಚು ಭಯವಾಯಿತು. ಬೈಯುವವನಿಗೆ ಏನಾದರೂ ಸಮಾಧಾನ ಹೇಳಬಹುದು, ಇವನು ಬೇಡಿಕೊಳ್ಳುತ್ತಿದ್ದ.

ಟವೆಲ್ ತಂದುಕೊಟ್ಟವಳೂ ಆಮೇಲೆ ವಾಪಸು ಒಯ್ದವಳೂ ಅವನ ತಾಯಿ ಸಾವಿತ್ರಮ್ಮ. ರವಿಕೆ ಅಳತೆ ಕೊಡುವ ನೆಪದಲ್ಲಿ ಬಂದು, ಚೀಲದ ತಳದಿಂದ ತೆಗೆದಿದ್ದಳು. ನಿಮ್ಮವರು ಕಾಯಿಲೆಯವರ ಬಟ್ಟೆ ಮೇಲೆ ಎಣ್ಣೆ ಹಚ್ಚಿ ಬೇಡಿಕೊಂಡು ಕೊಡುತ್ತಾರಂತೆ ಎಂದು ಕೇಳಿದ್ದಳು. ಹೋಗುವಾಗ ಸುಗುಣಮ್ಮನ ಕೈ ಹಿಡಿದು, "ನಾನ್ ತಂದೆ ಅಂತ ಗೊತ್ತಾದ್ರೆ ಆ ಮನೇಲಿ ನಂಗೆ ನೀರೂ ಹುಟ್ಟಕಿಲ್ಲ ಕಣಮ್ಮಾ," ಅಂದಿದ್ದಳು.

ಆ ಮನೆಯ ಯಜಮಾನ, ಉಮೇಶನ ಅಪ್ಪ ಕೃಷ್ಣಪ್ಪನೇ ಹಿಂದೆ ಕಟ್ಟಡದ ಮಾಲೀಕನಿಗೆ ಹೇಳಿ ಭಾನುವಾರದ ಪ್ರಾರ್ಥನೆಯ ಕೋಣೆಗೆ ಬೀಗ ಹಾಕಿಸಿದ್ದವನು. ಮೊದಮೊದಲು ಅವನ ಹೆಸರು ಬಾಯಿಗೆ ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಆದರೂ ಬೆಳಗಾಗುವ ಮುಂಚೆ ಎದ್ದು, ಹಸಿದ ಹೊಟ್ಟೆಯಲ್ಲಿ, ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಮಂಡಿಯೂರಿದಳು. ಬರುಬರುತ್ತ ಹೆಸರು ಮೆತ್ತಗಾಯಿತು. ಒಂದು ಬೆಳಗ್ಗೆ ಅವನಿಗಾಗಿ ಬಿಕ್ಕಿಬಿಕ್ಕಿ ಅತ್ತಳು, ಸ್ವಂತ ಅಣ್ಣನಿಗೆ ಅತ್ತಂತೆ.

ಇದನ್ನೆಲ್ಲ ಕಲಿಸಿದವಳು ಅವಳ ಅತ್ತೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ರೈಲು ಹೋದಾಗಲೆಲ್ಲ ಪಾತ್ರೆ ನಡುಗುವ ಅಡುಗೆಮನೆಯಲ್ಲಿ, ಆ ಮುದುಕಿ ಕಥೆ ಹೇಳುವ ಹಾಗೆ ಹೇಳುತ್ತಿದ್ದಳು: "ಇನ್ನೊಬ್ರಿಗೋಸ್ಕರ ಬೇಡೋದು ಅಂದ್ರೆ ಕೋಟೆಗೋಡೆ ಬಿದ್ದಿರೋ ಕಡೆ ಹೋಗಿ ನಿಂತ್ಕೊಳೋದು ಕಣೇ. ಬರೋದು ಮೊದ್ಲು ನಿನ್ ಮೇಲೇ ಬರ್ತದೆ." ಅವಳದು ಎರಡೇ ಕಟ್ಟಳೆ. ಬೇಡಿಕೊಳ್ಳಲು ಹೆಸರು ತಂದವರು ಯಾರೆಂದು ಯಾರಿಗೂ ಹೇಳಬಾರದು. ಹಿಡಿದ ಹೆಸರನ್ನು ದೇವರು ತೀರ್ಮಾನ ಮಾಡುವ ತನಕ ಕೆಳಗಿಡಬಾರದು.

ಉಮೇಶನ ಬೈಕಿನ ಹಿಂದೆ ಕೂತು ಬಸ್ತಿಹಳ್ಳಿಗೆ ಹೋಗುವಾಗ ಹೊತ್ತು ಇಳಿಯುತ್ತಿತ್ತು. ಕೆರೆಯ ನೀರು ಕಂದಿತ್ತು. ಬಸದಿಗಳನ್ನು ದಾಟುವಾಗ ಅವನು ಒಂದೇ ಮಾತು ಕೇಳಿದ: ನಮ್ಮಪ್ಪ ನಿಮಗೆ ಮಾಡಿದ್ದು ತಪ್ಪೇ ಇರಬಹುದು, ಅದಕ್ಕೆ ಜೀವವನ್ನೇ ಕೇಳೋದಾ? ಅಷ್ಟರಲ್ಲಿ ಮನೆ ಬಂದಿತ್ತು.

ನಡುಮನೆಯ ಮಂಚದಲ್ಲಿ ಕೃಷ್ಣಪ್ಪ ಮಲಗಿದ್ದ. ಅರಿಶಿನ ಬಳಿದಂಥ ಮುಖ, ಅರೆತೆರೆದ ಕಣ್ಣು, ಊದಿದ ಹೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರಮ್ಮ ನಿಂತಿದ್ದಳು. ಕಂಬಕ್ಕೊರಗಿ ಕೂತಿದ್ದ ದಾಯಾದಿ ಗಿಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಮೆಲ್ಲಗೆ ಕೇಳಿದ:

"ಅಲ್ಲಮ್ಮಾ, ನಿಮ್ ದೇವ್ರಿಗೆ ನಮ್ ಕೃಷ್ಣಪ್ಪನ ಅಡ್ರೆಸ್ಸು ಕೊಟ್ಟೋರ್ ಯಾರು?"

ಯಾರೋ ನಕ್ಕರು. ನಗು ಬೇಗ ಸತ್ತಿತು.

"ತಮಾಸೆ ಅಲ್ಲ," ಎಂದ ಉಮೇಶ. "ಟವೆಲ್ಲು ತಾನಾಗೇ ನಡ್ಕೊಂಡ್ ಹೋಗಿ ಬಂದಿಲ್ಲ. ಮನೆಯೋರು ಯಾರೋ ಸೇರವ್ರೆ. ಹೆಸ್ರೇಳಿ ಸುಗುಣಕ್ಕ."

ಸಾವಿತ್ರಮ್ಮನ ಬೆರಳಿಗೆ ಸೆರಗು ಸುತ್ತಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ಸುಗುಣಮ್ಮ ಅತ್ತ ನೋಡಲಿಲ್ಲ. ಹೇಳುವುದಿಲ್ಲ ಎಂದರೆ ಇವರು ಮನೆಯೊಳಗೇ ಹುಡುಕುತ್ತಾರೆ, ಹುಡುಕಲು ಇರುವುದು ಒಂದೇ ಹೆಂಗಸು. ಮಂಡಿಯೂರುವ ದೇವರ ಮುಂದೆ ಅವಳು ಯಾವತ್ತೂ ಸುಳ್ಳಾಡಿದವಳಲ್ಲ.

"ಯಾರೂ ಸೇರಿಲ್ಲ," ಎಂದಳು. "ರವಿಕೆ ಕೊಡಕ್ಕೆ ಬಂದಾಗ ತಂತಿ ಮೇಲಿಂದ ನಾನೇ ತಗೊಂಡೋದೆ. ಇಟ್ಟೋಳೂ ನಾನೇ."

ಸಾವಿತ್ರಮ್ಮನ ಬಾಯಿ ತೆರೆಯಿತು. ತಿರುಗಿ ಒಳಗೆ ಹೋದಳು.

"ಬಿಚ್ಚಮ್ಮ ಹಂಗಾರೆ," ಎಂದ ಗಿಡ್ಡಪ್ಪ. ಈಗ ದನಿಯಲ್ಲಿ ಕುಶಾಲು ಇರಲಿಲ್ಲ.

ಬಿಚ್ಚುವುದು ಹೇಗೆಂದು ಅವಳಿಗೇನು ಗೊತ್ತು? ಗೊತ್ತಿದ್ದುದು ಒಂದೇ. ಮಂಚದ ಪಕ್ಕ ಮಂಡಿಯೂರಿ, ಸೆರಗು ತಲೆಗೆಳೆದು, ಕೃಷ್ಣಪ್ಪನ ಹೆಸರು ಹಿಡಿದು, ದಿನಾ ಬೇಡಿದ್ದನ್ನೇ ಬೇಡಿದಳು: ಇವನನ್ನು ಉಳಿಸು, ಇವನ ನೋವು ಇಳಿಸು. ಸುತ್ತ ನಿಂತವರು ಉಸಿರು ಬಿಗಿಹಿಡಿದು, ಅವಳ ತುಟಿಯನ್ನೇ ನೋಡುತ್ತಿದ್ದರು. ಮಂಚದ ಮೇಲಿನ ಉಸಿರು ಒಮ್ಮೆ ಎಳೆಯಿತು, ನಿಂತಿತು, ಮತ್ತೆ ಎಳೆಯಿತು.

ಎದ್ದು ನಿಂತಾಗ ಮಂಡಿ ಮರಗಟ್ಟಿತ್ತು. ಕತ್ತಲಾಗುತ್ತದೆ, ಹೊರಡುತ್ತೇನೆ ಎಂದಳು.

"ಅಪ್ಪ ಒಂದ್ ಮಾತಾಡ್ಲಿ," ಎಂದ ಉಮೇಶ. "ಆಮೇಲೆ ನಾನೇ ಬಿಟ್ ಬತ್ತೀನಿ."

ಆಡದಿದ್ದರೆ ಎಂದು ಅವಳು ಕೇಳಲಿಲ್ಲ. ಸಾವಿತ್ರಮ್ಮ ಒಳಗಿನಿಂದ ಚಾಪೆ ತಂದು, ಮುಖ ಎತ್ತದೆ, ಮಂಚದ ಪಕ್ಕದಲ್ಲಿ ಹಾಸಿದಳು. ಸುಕ್ಕಿಲ್ಲದ ಕಡೆಯೂ ಅಂಗೈಯಿಂದ ಸವರಿದಳು. ಸುಗುಣಮ್ಮ ಮತ್ತೆ ಮಂಡಿಯೂರಿದಳು.

ಗಿಡ್ಡಪ್ಪ ಎದ್ದು ಅಂಗಳಕ್ಕೆ ಹೋದ. ಅವಳ ಚಪ್ಪಲಿಗಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಂದು ಕದದ ಹಿಂದೆ ಜೋಡಿಸಿಟ್ಟ. ಆಮೇಲೆ ಕದವನ್ನು ಸದ್ದಾಗದಂತೆ ಮುಂದಕ್ಕೆ ಎಳೆದ.