ಪಕ್ಕದ ಮಗ್ಗದ ಅಕ್ಕ

ಮಗ್ಗದ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಕಡೆ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ಅಲ್ಲಿ ದುಡಿಯುವವರು ದನಿಯನ್ನು ಬಾಗಿಲಲ್ಲೇ ಬಿಟ್ಟು ಬಂದು ಬರೀ ತುಟಿಯಲ್ಲಿ ಮಾತಾಡುತ್ತಾರೆ. ಬಾಯಿ ಅಗಲ ಮಾಡಿ, ಅವಸರವಿಲ್ಲದೆ, ಹಲ್ಲು ಕಾಣುವಂತೆ. ಮನೆಯ ಗುಟ್ಟು, ಪೋಲಿ ಜೋಕು, ಮೇಸ್ತ್ರಿಯ ಜನ್ಮ ಜಾಲಾಡುವ ಬೈಗುಳ, ಎಲ್ಲವೂ ಮೇಸ್ತ್ರಿ ನಡುವೆ ನಿಂತಿರುವಾಗಲೇ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತವೆ. ಜಗಳವಾದರೆ ಮಾತ್ರ ಇರುವುದು ಒಂದೇ ಅಸ್ತ್ರ, ಮುಖ ತಿರುಗಿಸುವುದು. ಮುಖ ತಿರುಗಿಸಿ ನಿಂತವರಿಗೆ ನೀವು ಏನನ್ನೂ ಹೇಳಲಾರಿರಿ. ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಲಾಳಿಯಕ್ಕ ಅಂಥ ಶೆಡ್ಡಿನಲ್ಲಿ ಮುದುಕಿಯಾಗುತ್ತಾ ಬಂದವಳು. ಲಾಳಿ ಅಂದರೆ ನೂಲು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ವಸ್ತು. ಕೂತಲ್ಲಿ ಕೂರದ ಇವಳಿಗೆ ಆ ಹೆಸರು ಯಾರಿಟ್ಟರೋ, ಗಂಡನೂ ಸಾಯುವ ತನಕ ಹಾಗೇ ಕರೆದ. ಕಿವಿ ಮುಕ್ಕಾಲು ಪಾಲು ಹೋಗಿತ್ತು. ಅದಕ್ಕೇನೂ ಅವಳು ಅಳುತ್ತ ಕೂರಲಿಲ್ಲ, ಎದುರಿಗಿದ್ದವರ ತುಟಿ ಕಂಡರೆ ಸಾಕು, ನುಂಗಿಕೊಂಡ ಮಾತನ್ನೂ ಓದಿಬಿಡುತ್ತಿದ್ದಳು. "ನಾನು ಜಗಳ ಆಡೋದುಂಟು, ಯಾರಿಗೂ ಮುಖ ತಿರುಗಿಸಿದವಳಲ್ಲ" ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದು ನಿಜವೇ ಆಗಿತ್ತು.

ಅವಳ ಪಕ್ಕದ ಮಗ್ಗಕ್ಕೆ ಒಂದು ಕಾಲದಲ್ಲಿ ಒಬ್ಬ ಹೊಸಬ ಬಂದಿದ್ದ. ಎಳೆ ಕಡಿದಾಗ ಕಾಣದ ಹಾಗೆ ಗಂಟು ಹಾಕುವುದು ನೇಕಾರನ ಮೊದಲ ಪಾಠ. ಇವನು ಹಾಕಿದರೆ ಅದು ಬಟ್ಟೆಯ ಮೇಲೆ ಮೊಡವೆ ಎದ್ದ ಹಾಗೆ ಕಾಣುತ್ತಿತ್ತು. ಶೆಡ್ಡಿನವರು ಅವನಿಗೆ ಗಂಟು ಎಂದೇ ಹೆಸರಿಟ್ಟರು. ಮೇಸ್ತ್ರಿ ಓಡಿಸದಿರಲೆಂದು ಎರಡು ವರ್ಷ ಅವನ ಎಳೆಗಳನ್ನೂ ಲಾಳಿಯಕ್ಕನೇ ಕಟ್ಟಿದಳು. ತುಟಿಮಾತನ್ನೂ ಅವಳೇ ಕಲಿಸಿದಳು. ಮೊದಮೊದಲು ಅವನು ಮೀನಿನ ಹಾಗೆ ಬಾಯಿ ಬಿಡುತ್ತಿದ್ದ, ಅವಳು ಅವನ ಗಲ್ಲ ಹಿಡಿದು ಅಗಲಿಸಿ ತೋರಿಸುತ್ತಿದ್ದಳು.

ಆಮೇಲೆ ಗಂಟು ಇನ್ನೂ ಮೂವರನ್ನು ಕಟ್ಟಿಕೊಂಡು 'ನಾಲ್ಕನೇ ಶೆಡ್' ಎಂಬ ಬ್ಯಾಂಡು ಮಾಡಿದ. ಅದು ಗೆದ್ದಿತು. ಗೆಲ್ಲಿಸಿದ ಹಾಡು 'ಪಕ್ಕದ ಮಗ್ಗದ ಅಕ್ಕ', ಕಡಿದ ಎಳೆಗಳನ್ನೆಲ್ಲ ಕಟ್ಟಿಕೊಟ್ಟ ಒಬ್ಬಳ ಹಾಡು. ಮಗನ ಮೊಬೈಲನ್ನು ಕಿವಿಯೊಳಕ್ಕೆ ತುರುಕುವ ಹಾಗೆ ಒತ್ತಿಕೊಂಡು ಲಾಳಿಯಕ್ಕ ಅದನ್ನು ಕೇಳಿದಳು. ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಈ ವರ್ಷ ಬ್ಯಾಂಡು ಊರೂರು ಸುತ್ತಿತು. ಅವಳೂ ಹಿಂದೆಯೇ ಸುತ್ತಿದಳು. ವಾರದ ರಜೆ, ಕಾಯಿಲೆಯ ರಜೆ, ಸತ್ತುಹೋದ ನೆಂಟರನ್ನು ಮತ್ತೊಮ್ಮೆ ಸಾಯಿಸಿ ಪಡೆದ ರಜೆ, ಎಲ್ಲ ಅದಕ್ಕೇ ಹೋದವು. ಎಲ್ಲರಿಗಿಂತ ಹಿಂದೆ ನಿಂತು, ಡ್ರಮ್ಮಿನ ಏಟನ್ನು ಎದೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಆ ಹಾಡಿಗೆ ಮೊದಲು ಗಂಟು ಒಂದಷ್ಟು ಹೊತ್ತು ಮಾತಾಡುತ್ತಿದ್ದ. ಮೈಕು ಅವನ ತುಟಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ಒಂದಕ್ಷರವೂ ಅವಳಿಗೆ ಸಿಗುತ್ತಿರಲಿಲ್ಲ. ಆದರೆ ಸುತ್ತಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು, ಸಾವಿರಾರು ಮೊಬೈಲ್ ದೀಪಗಳು ಮೇಲೇಳುತ್ತಿದ್ದವು. ತನ್ನ ಗುಣಗಾನ ನಡೆಯುತ್ತಿದೆ ಎಂದುಕೊಂಡು ಅವಳೂ ದೀಪ ಎತ್ತಿ ಹಿಡಿದು ಅಳುತ್ತಿದ್ದಳು. ಏನು ಹೇಳಿದ ಎಂದು ಪಕ್ಕದವರನ್ನು ಕೇಳಬಹುದಿತ್ತು. ಹಾಡು ಕೇಳಲು ಬಂದವಳು ಕಿವುಡಿ ಎಂದು ಒಪ್ಪಿಕೊಳ್ಳಲು ನಾಚಿಕೆ.

ಒಂದು ಊರಿನಲ್ಲಿ ವೇದಿಕೆಯ ಹಿಂದಿನ ಗೇಟಿಗೂ ಹೋಗಿದ್ದಳು. "ಒಳಗೆ ಹೇಳಪ್ಪ, ಪಕ್ಕದ ಮಗ್ಗದ ಅಕ್ಕ ಬಂದಿದಾಳೆ ಅಂತ" ಎಂದಳು. ಕಾವಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದರಲ್ಲಿ ನಗುವಂಥದ್ದೇನಿತ್ತು ಎಂದು ಅವಳಿಗೆ ತಿಳಿಯಲಿಲ್ಲ.

"ಕೊನೇ ಶೋನಲ್ಲಿ ಅವನು ನನ್ನ ನೋಡೇ ನೋಡ್ತಾನೆ, ಸ್ಟೇಜಿಗೆ ಕರೀತಾನೆ. ಬರೆದಿಟ್ಟುಕೊಳ್ಳಿ" ಎಂದು ಶೆಡ್ಡಿಗೆಲ್ಲ ಸಾರಿಬಿಟ್ಟಿದ್ದಳು. ಈಗ ಕರೆಯದಿದ್ದರೆ ಆ ಮಗ್ಗಗಳ ನಡುವೆ ಮುಖ ಎತ್ತಿ ನಿಲ್ಲುವ ಹಾಗಿರಲಿಲ್ಲ. ಅವನಿಗೆಂದು ಒಂದು ಟವೆಲನ್ನೂ ತನ್ನ ಕೈಯಾರೆ ನೇಯ್ದಳು. ಅಂಚಿನಲ್ಲಿ ಬೇಕೆಂದೇ ಒಂದು ದಪ್ಪ ಗಂಟು ಬಿಟ್ಟಳು. ಅವನು ಅದನ್ನು ಮುಟ್ಟಿ ನೋಡಿ ನಗಬೇಕು, ಅಷ್ಟೇ ಅವಳ ಆಸೆ.

ಮನೆಯಲ್ಲಿ ಸೊಸೆ ಇದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ, ಕಡಿಮೆ ಮಾತು, ಒಳ್ಳೆಯ ಕಿವಿ. ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಗನೂ ಮಗ್ಗದವನೇ ಆದ್ದರಿಂದ ಊಟದ ಹೊತ್ತಿನಲ್ಲಿ ತಾಯಿ ಮಗ ಸೊಸೆಯ ಕಣ್ಣೆದುರೇ ತುಟಿಮಾತಿನಲ್ಲಿ ಅವಳನ್ನು ಆಡಿಕೊಳ್ಳುವುದು ಆ ಮನೆಯ ಹಳೆಯ ಮೋಜು. 'ಉಪ್ಪು ಇವಳಪ್ಪನ ಮನೇದು ಅನ್ಸುತ್ತೆ, ಸುರಿದಿದಾಳೆ.' 'ನಡಿಗೆ ನೋಡು, ಕೊಬ್ಬಿದ ಎಮ್ಮೆ.' ಮಗ ತುತ್ತು ನುಂಗಲಾಗದೆ ಕೆಮ್ಮುತ್ತಿದ್ದ. ಸೊಸೆಯ ಬಸಿರು ಐದನೇ ತಿಂಗಳಲ್ಲಿ ಇಳಿದುಹೋದಾಗ, ಅವಳು ಆಸ್ಪತ್ರೆಯಿಂದ ಬಂದ ವಾರದಲ್ಲೇ, ಅವಳು ಬಡಿಸುತ್ತಿರುವಾಗಲೇ, ಲಾಳಿಯಕ್ಕ ಮಗನಿಗೆ ಹೇಳಿದ್ದಳು: 'ತೂತು ಕೊಡ ಕಣೋ. ಏನು ಹಾಕಿದ್ರೂ ನಿಲ್ಲಲ್ಲ.' ಅವತ್ತು ಮಗ ನಗಲಿಲ್ಲ. ಸೊಸೆಯ ಕೈಯಿಂದ ಸೌಟು ಜಾರಿ ಬಿತ್ತು. ಸುಸ್ತಾಗಿರಬೇಕು ಎಂದುಕೊಂಡು ಲಾಳಿಯಕ್ಕ ಊಟ ಮುಗಿಸಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಅವಳಿಗೂ ಗೊತ್ತಿತ್ತು, ತನ್ನ ಕಾಲಕ್ಕೆ ಇನ್ನೂ ಆಯಸ್ಸಿದೆ ಎಂದುಕೊಂಡಿದ್ದಳು.

ಅಂಥ ಸೊಸೆ ಕೊನೇ ಶೋಗೆ ಎರಡು ಟಿಕೆಟ್ ತಂದಳು. ಎಲ್ಲರಿಗಿಂತ ಮುಂದಿನ ಸಾಲು, ಬೇಲಿಗೆ ಎದೆ ತಾಗುವಷ್ಟು ಹತ್ತಿರ.

"ನಾನೂ ಬರ್ತೀನಿ ಅತ್ತೆ. ನಿಮ್ಮನ್ನ ಕರೆಯೋದು ಕಣ್ಣಾರೆ ನೋಡ್ಬೇಕು."

ಲಾಳಿಯಕ್ಕನಿಗೆ ನಂಬಲಾಗಲಿಲ್ಲ. ಅಂತೂ ದಾರಿಗೆ ಬಂದಳು ಎಂದುಕೊಂಡಳು. ಪ್ರಯಾಣದುದ್ದಕ್ಕೂ ಕಿಟಕಿ ಪಕ್ಕದ ಸೀಟನ್ನು ಸೊಸೆಗೇ ಬಿಟ್ಟುಕೊಟ್ಟಳು. ಅದು ಅವಳ ಲೆಕ್ಕದಲ್ಲಿ ದೊಡ್ಡ ಮರ್ಯಾದೆ.

ಮೈದಾನ ಕಿಕ್ಕಿರಿದಿತ್ತು. ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಸಂಜೆ ಬೆಳಕು ಇನ್ನೂ ಇರುವಾಗಲೇ ಗಂಟು ವೇದಿಕೆಗೆ ಬಂದ. ಮೈ ತುಂಬಿಕೊಂಡಿದ್ದ, ಚೆನ್ನಾಗಿ ತಿಂದುಂಡವರ ಕಳೆ ಇತ್ತು. ಅದನ್ನು ನೋಡಿ ಲಾಳಿಯಕ್ಕನಿಗೆ ಸ್ವಂತ ಮಗ ದಪ್ಪಗಾದಷ್ಟು ಸಂತೋಷವಾಯಿತು. ಒಂದಾದ ಮೇಲೊಂದು ಹಾಡು ಮುಗಿದವು. ಆಮೇಲೆ ದೀಪಗಳು ಆರಿದವು, ಒಂದೇ ಒಂದು ಬೆಳಕು ಅವನ ಮೇಲೆ ಉಳಿಯಿತು. ಅವನು ಮೈಕನ್ನು ಬಾಯಿಗೆ ಒತ್ತಿಕೊಂಡು ಮಾತಾಡತೊಡಗಿದ.

ಈಗ, ಈಗ ಎಂದು ಅವಳು ಟವೆಲನ್ನು ಚೀಲದಿಂದ ತೆಗೆದು ಮಡಿಕೆ ಬಿಡಿಸಿದಳು. ಎಡಗಡೆ ನಿಂತಿದ್ದ ಒಬ್ಬ ಕಾಲೇಜು ಹುಡುಗಿ ಬಿಕ್ಕುತ್ತಿದ್ದಳು. ಲಾಳಿಯಕ್ಕ ಅವಳ ಭುಜ ಸವರಿದಳು. ಹುಡುಗಿ ಇವಳ ಕಡೆ ತಿರುಗಿದಾಗ ವೇದಿಕೆಯಿಂದ ಚೆಲ್ಲಿದ ಬೆಳಕಿನಲ್ಲಿ ತುಟಿಗಳು ಸರಿಯಾಗಿ ಕಂಡವು.

"ಎಷ್ಟು ಸಲ ಕೇಳಿದ್ರೂ ತಡ್ಕೊಳ್ಳೋಕೆ ಆಗಲ್ಲ ಆಂಟಿ. ಪಾಪ, ಅವನ ತೊಡೆ ಮೇಲೇ ಪ್ರಾಣ ಬಿಟ್ಟಳಂತೆ."

"ಯಾರು?"

"ಅಕ್ಕ. ಪಕ್ಕದ ಮಗ್ಗದ ಅಕ್ಕ. ಹತ್ತಿ ಧೂಳು ಎದೆಗೆ ಹೋಗಿ, ರಕ್ತ ಕಾರ್ಕೊಂಡು... ಸಾಯೋವಾಗ್ಲೂ ಅವನ ಎಳೆ ಕಟ್ತಿದ್ಲಂತೆ."

ಲಾಳಿಯಕ್ಕ ಬಲಕ್ಕೆ ತಿರುಗಿದಳು. ಸೊಸೆ ಇವಳ ಮುಖವನ್ನೇ ನೋಡುತ್ತ ನಿಂತಿದ್ದಳು, ವೇದಿಕೆಯನ್ನಲ್ಲ.

"ಏನೇ ಇದು? ಏನು ಹೇಳ್ತಿದಾನೆ ಅವನು?"

"ನೀವು ಸತ್ತುಹೋಗಿದ್ದೀರಂತೆ ಅತ್ತೆ" ಎಂದಳು ಸೊಸೆ. "ತುಂಬಾ ವರ್ಷ ಆಯ್ತಂತೆ."

ಸುತ್ತ ದೀಪಗಳು ಎದ್ದವು. ಹುಡುಗಿ ಇವಳ ಕೈಯನ್ನೂ ಹಿಡಿದು ಎತ್ತಿದಳು, "ಅಕ್ಕನಿಗೋಸ್ಕರ ಆಂಟಿ, ಎತ್ತಿ." ಊರೂರು ತಿರುಗಿ, ಹಿಂದೆ ನಿಂತು, ಹಿಡಿದ ದೀಪಗಳೆಲ್ಲ ಲಾಳಿಯಕ್ಕನಿಗೆ ನೆನಪಾದವು. ತನ್ನ ಹೆಣಕ್ಕೆ ತಾನೇ ದೀಪ ಹಿಡಿದು, ಅದಕ್ಕೆಂದು ರಜೆ ಹಾಕಿ, ಆನಂದಬಾಷ್ಪ ಬೇರೆ ಸುರಿಸಿ ಬಂದಿದ್ದಳು. ಕಾವಲಿನವನು ಯಾಕೆ ನಕ್ಕ ಎಂದು ಈಗ ತಿಳಿಯಿತು. ಆದರೂ ಆಸೆ ಎಂಬುದು ಸುಲಭಕ್ಕೆ ಸಾಯುವ ಜಾತಿಯಲ್ಲ. ಯಾರೋ ಅವನಿಗೆ ತಪ್ಪು ಸುದ್ದಿ ಕೊಟ್ಟಿರಬೇಕು, ಪಾಪ, ನನ್ನ ಕಂಡರೆ ಕುಣಿದುಬಿಡುತ್ತಾನೆ ಎಂದುಕೊಂಡಳು.

ಹಾಡಿನ ಪಲ್ಲವಿಯನ್ನು ಜನಕ್ಕೆ ಬಿಟ್ಟುಕೊಟ್ಟು ಗಂಟು ವೇದಿಕೆ ಇಳಿದ. ಮೈಕನ್ನು ಕೆಳಗೆ ಹಿಡಿದು, ಬೇಲಿಯುದ್ದಕ್ಕೂ ಚಾಚಿದ ಕೈಗಳನ್ನು ಮುಟ್ಟುತ್ತ ಬಂದ. ಹಿಂದೆಯೇ ಒಬ್ಬ ಕ್ಯಾಮೆರಾ ಹೊತ್ತು ನಡೆಯುತ್ತಿದ್ದ. ಮೈಕಿನ ಮರೆಯಿಲ್ಲದೆ ಗಂಟುವಿನ ಬಾಯಿ ಬಯಲಾಗಿತ್ತು. ಲಾಳಿಯಕ್ಕ ಎರಡೂ ಕೈಯಲ್ಲಿ ಟವೆಲು ಚಾಚಿ, ಆ ಗದ್ದಲದಲ್ಲಿ ದನಿ ಯಾಕೆ ಬೇಕು, ತುಟಿಯಲ್ಲೇ ಹೇಳಿದಳು: 'ಗಂಟೂ, ನಾನು ಕಣೋ.'

ಅವನ ಹೆಜ್ಜೆ ನಿಂತಿತು. ಅವನು ಗುರುತು ಹಿಡಿದ, ಅದರಲ್ಲಿ ಅನುಮಾನವಿಲ್ಲ. ಕಣ್ಣು ಒಂದು ಗಳಿಗೆ ಹಳೆಯ ಗಂಟುವಿನ ಕಣ್ಣೇ ಆಯಿತು. 'ಅಕ್ಕಾ' ಎಂದ, ತುಟಿಯಲ್ಲಿ. ಕ್ಯಾಮೆರಾದವನು ಪಕ್ಕಕ್ಕೆ ಬಂದ. ಗಂಟು ಎಲ್ಲರಿಗೂ ನಗುವ ನಗುವನ್ನು ಹಾಕಿಕೊಂಡ. ಅವಳ ಕೈಯನ್ನು ಗಟ್ಟಿಯಾಗಿ ಒತ್ತಿ, ಬಾಯಿ ಅಗಲ ಮಾಡಿ, ಅವಸರವಿಲ್ಲದೆ, ಅವಳೇ ಕಲಿಸಿದ ಹಾಗೆ ಹೇಳಿದ.

'ಸತ್ತೇ ಇರಕ್ಕ. ಚೆನ್ನಾಗಿ ನಡೀತಿದೆ.'

ಟವೆಲು ತೆಗೆದುಕೊಂಡು ಮುಖ ಒರೆಸಿದ. ಗಂಟು ಇದ್ದ ಅಂಚು ಅವನ ಹಣೆಯ ಮೇಲೆಯೇ ಹಾದುಹೋಯಿತು. ಅವನಿಗೆ ಗೊತ್ತಾಗಲಿಲ್ಲ. ಅದನ್ನು ಉಂಡೆ ಮಾಡಿ ಜನರ ನಡುವೆ ಎಸೆದ. ಕಾಲೇಜು ಹುಡುಗಿ ಒಂದು ತುದಿ ಹಿಡಿದಳು, ಇನ್ನಾರೋ ಇನ್ನೊಂದು ತುದಿ, ಅದು ಹರಿದ ಸದ್ದು ಯಾರಿಗೂ ಕೇಳಲಿಲ್ಲ. ಲಾಳಿಯಕ್ಕ ಏನೋ ಹೇಳಲು ಬಾಯಿ ತೆರೆದಿದ್ದಳು. ಗಂಟು ಅದನ್ನು ಕಂಡ, ಕಂಡೇ ಮುಖ ತಿರುಗಿಸಿದ.

ಮೈದಾನ ಖಾಲಿಯಾಗತೊಡಗಿದಾಗ ಇಬ್ಬರೂ ಹೊರಗಿನ ಬಸ್ ನಿಲ್ದಾಣದ ದೀಪದ ಕೆಳಗೆ ಬಂದು ನಿಂತರು. ಜನ ಪಲ್ಲವಿ ಗುನುಗುತ್ತ ಹಾದುಹೋಗುತ್ತಿದ್ದರು. ಲಾಳಿಯಕ್ಕನಿಗೆ ನಾಳೆಯದೇ ಚಿಂತೆ. ಶೆಡ್ಡಿನ ಬಾಗಿಲಲ್ಲೇ ಎಲ್ಲ ತುಟಿಗಳೂ 'ಕರೆದನಾ?' ಎಂದು ಕೇಳುತ್ತವೆ. ಕರೆದ, ಅಳುತ್ತ ತಬ್ಬಿಕೊಂಡ ಎಂದುಬಿಡುವುದು. ಯಾರು ಬಂದು ನೋಡಿದ್ದಾರೆ?

"ನಿಮ್ಮ ಕೈ ಹಿಡ್ಕೊಂಡು ಏನೋ ಅಂದನಲ್ಲ ಅತ್ತೆ" ಎಂದಳು ಸೊಸೆ. "ಏನಂದ?"

"ಏನಿಲ್ಲ ಬಿಡು. ಊಟ ಆಯ್ತಾ ಅಕ್ಕ ಅಂದ. ಮುಂಚೆ ದಿನಾ ಹಂಗೇ ಕೇಳ್ತಿದ್ದ."

ಸೊಸೆ ಅವಳ ಎದುರಿಗೆ ಬಂದು ನಿಂತಳು. ಬಾಯಿ ತೆರೆದಳು. ಲಾಳಿಯಕ್ಕನಿಗೆ ಮೊದಲು ಕಂಡದ್ದು ಮಾತಲ್ಲ, ಬಾಯಿಯ ರೀತಿ. ಅಗಲವಾಗಿ, ಅವಸರವಿಲ್ಲದೆ, ಹಲ್ಲು ಕಾಣುವಂತೆ. ಔಷಧಿ ಅಂಗಡಿಯವರು ಹಾಗೆ ಮಾತಾಡುವುದಿಲ್ಲ.

'ಸತ್ತೇ ಇರಕ್ಕ, ಚೆನ್ನಾಗಿ ನಡೀತಿದೆ ಅಂದ. ನಾನೂ ನೋಡ್ದೆ.'

"ನಿಂಗೆ... ನಿಂಗೆ ಯಾವಾಗಿಂದ ಬರುತ್ತೆ ಇದು?" ಲಾಳಿಯಕ್ಕ ದನಿ ತೆಗೆದೇ ಕೇಳಿದಳು. ಹಾದುಹೋಗುವವರು ತಿರುಗಿ ನೋಡಿದರು.

'ಮದ್ವೆಯಾದ ಮೊದಲ್ನೇ ವರ್ಷದಿಂದ. ಬಡಿಸ್ತಾ ಬಡಿಸ್ತಾ ಕಲ್ತೆ. ನೀವೇ ಕಲ್ಸಿದ್ದು.' ಸೊಸೆಯ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. 'ಇವನು ನಿಮ್ಮನ್ನ ಸಾಯ್ಸಿರೋದೂ ಗೊತ್ತಿತ್ತು. ಅಂಗಡಿ ಹುಡುಗೀರು ಮೊಬೈಲಲ್ಲಿ ತೋರಿಸಿದ್ರು. ಮನೇಲೇ ಹೇಳ್ಬಹುದಿತ್ತು. ನೀವೇ ಎದುರಿಗೆ ನಿಂತು ಓದ್ಬೇಕು ಅಂತ ಮುಂದಿನ ಸಾಲು ತಂದೆ.'

ಲಾಳಿಯಕ್ಕನ ಮನಸ್ಸು ಊಟದ ಮೇಜಿಗೆ ಓಡಿತು. ಉಪ್ಪು, ಎಮ್ಮೆ, ಅವಳಪ್ಪ, ಅವಳ ಬಣ್ಣ. ಇಷ್ಟು ವರ್ಷ ಈ ಹುಡುಗಿ ಎಲ್ಲವನ್ನೂ ಓದುತ್ತ ಬಡಿಸಿದ್ದಾಳೆ. ಆಮೇಲೆ ಸೌಟು ಬಿದ್ದ ದಿನ ನೆನಪಾಯಿತು. ಅದೊಂದನ್ನು ಮಾತ್ರ ಓದಿರದಿದ್ದರೆ ಸಾಕು, ಉಳಿದದ್ದಕ್ಕೆ ಹೇಗೋ ಕಾಲು ಹಿಡಿಯಬಹುದು ಎನ್ನಿಸಿತು.

ಸೊಸೆಯ ತುಟಿಗಳು ಮತ್ತೆ ಅಲುಗಿದವು. ಎರಡೇ ಮಾತು.

'ತೂತು ಕೊಡ.'

ಯಾರಿಗೂ ಮುಖ ತಿರುಗಿಸಿದವಳಲ್ಲದ ಲಾಳಿಯಕ್ಕ ಮುಖ ತಿರುಗಿಸಿದಳು. ಸೊಸೆ ಆ ಕಡೆಗೂ ಬಂದು ನಿಂತಳು.