ಪೆಟ್ಟಿಗೆಯೊಳಗಿನ ಬೆವರು

ಕೆನ್ನೆಯ ಮೇಲೆ ಅದೇನು ಹನಿ, ಬೆಳಕಿನ ಆಟವಿರಬೇಕು, ಪರದೆ ಸರಿಸಿದ್ದೇ ಎಷ್ಟೋ ತಿಂಗಳ ಮೇಲೆ ಇವತ್ತು, ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆಂದು ನಾನೇ ಪಿನ್ನು ಚುಚ್ಚಿ ಬಿಗಿದಿದ್ದ ಪರದೆ — ಇಲ್ಲ, ಹನಿಯೇ, ಪೆಟ್ಟಿಗೆ ವಾಲಿಸಿದರೂ ಹೊಳಪು ಜಾಗ ಬಿಡಲಿಲ್ಲ, ಕಂದೀಲು ಹಿಡಿದ ಗೊಂಬೆ ಹುಡುಗಿಯ ಎಡಗೆನ್ನೆಯಲ್ಲಿ, ಪ್ಲಾಸ್ಟಿಕ್ ಕಿಟಕಿಯ ಒಳಗೆ, ನನ್ನ ಬೆರಳು ಮುಟ್ಟಲಾಗದ ಕಡೆ, ಎಣ್ಣೆಯಂಥ ಒಂದು ಹನಿ. ಅಯ್ಯೋ ನಿನ್ನ, ಇವತ್ತೇ ಆಗಬೇಕಿತ್ತಾ. ಇನ್ನೊಂದು ಪೆಟ್ಟಿಗೆ ತೆಗೆದೆ, ಇವಳಿಗೆ ಹಣೆಯ ಮೇಲೆ, ಮತ್ತೊಬ್ಬಳಿಗೆ ಕಂದೀಲು ಹಿಡಿದ ಕೈಯೆಲ್ಲ ಮಿರಮಿರ, ಗೋಡೆಯುದ್ದಕ್ಕೂ ಅದೇ ಹುಡುಗಿ, ಅದೇ ನಗು, ಎಲ್ಲರೂ ಬೆವರುತ್ತಿದ್ದಾರೆ, ಮನೆಗಿರುವ ಒಂದೇ ಏಸಿಯನ್ನು ಇವರಿಗೆ ಬಿಟ್ಟು ಅಮ್ಮನನ್ನು ಹಾಲ್‌ನಲ್ಲಿ ಫ್ಯಾನ್ ಕೆಳಗೆ ಮಲಗಿಸಿದ್ದೇನೆ, ಈ ಮಹಾರಾಣಿಯರಿಗೆ ಸೆಕೆಯಂತೆ. ಅಮ್ಮ ಕೇಳಿದ್ದು ಒಂದೇ ಸಲ, ಇವಕ್ಕೆ ಗಾಳಿ ಬೆಳಕು ಬೇಡ್ವೇನೇ. ಗೊಂಬೆಗೆಂಥ ಗಾಳಿ ಅಮ್ಮ ಎಂದು ನಕ್ಕುಬಿಟ್ಟಿದ್ದೆ. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು, ಹಲ್ಲಿನ ಲ್ಯಾಬಿನಲ್ಲಿ ದಿನವಿಡೀ ಹಲ್ಲು ಸೆಟ್ ಮಾಡುವವಳು, ಪ್ಲಾಸ್ಟಿಕ್ಕಿನ ಜೊತೆಯೇ ಬದುಕುವವಳು — ಮೆತ್ತಗಿರಲಿ ಎಂದು ಗೊಂಬೆಗೆ ಬೆರೆಸಿದ ಎಣ್ಣೆ ಮೆಲ್ಲಗೆ ಹೊರಬರುತ್ತದೆ, ಗಾಳಿಯಾಡಿದರೆ ಹೋಗುತ್ತದೆ, ಮುಚ್ಚಿಟ್ಟರೆ ಮೈಗೇ ಅಂಟಿಕೊಳ್ಳುತ್ತದೆ. ಲ್ಯಾಬಿಗೆ ಬರುವ ತಾತಂದಿರನ್ನು ದಬಾಯಿಸುತ್ತೇನಲ್ಲ, ಹಲ್ಲು ಸೆಟ್ ಡಬ್ಬೀಲಿ ಮುಚ್ಚಿಟ್ರೆ ಏನ್ ಬಂತು, ಹಾಕ್ಕೊಂಡು ಅಗೀರಿ ಅಂತ. ಊರಿಗೆಲ್ಲ ಹೇಳುವ ಬಾಯಿ ಮನೆಗೆ ಬಂದೊಡನೆ ಎಲ್ಲಿ ಹೋಗುತ್ತದೋ.

ತಂಗಿ ಬರುವ ಹೊತ್ತಾಯಿತು. ಇದರಲ್ಲಿ ಅರ್ಧ ಅವಳದು, ಹೊಲಿಗೆ ಅಂಗಡಿಗೆ ಕಸೂತಿ ಮಷಿನ್ ತರಲೆಂದು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಇವರ ಮೇಲೆ ಸುರಿದಳು, ತಲೆ ತಿರುಗಿಸಿದ್ದು ನಾನೇ — ಆ ವಿಡಿಯೋ ಗೇಮ್ ಕಂಪನಿಯವರು ಈ ಹುಡುಗೀನ ಇನ್ಮೇಲೆ ಮಾಡೋದೇ ಇಲ್ವಂತೆ ಕಣೇ, ಇರೋದಿಷ್ಟೇ, ಬೆಲೆ ಏರೇ ಏರುತ್ತೆ, ಕಣ್ಮುಚ್ಕೊಂಡು ತಗೋ. ಏರಿತು, ನಿಜಕ್ಕೂ ಏರಿತು, ಬೆಳಿಗ್ಗೆ ಹಲ್ಲುಜ್ಜುವ ಮೊದಲು ಫೋನಿನಲ್ಲಿ ಬೆಲೆ ನೋಡುವ ಸುಖ, ಹಾಸಿಗೆಯಲ್ಲೇ ಸಾಹುಕಾರ್ತಿ, ದಪ್ಪ ಕನ್ನಡಕದ ಆ ವ್ಯಾಪಾರಿ, ನಾವು ಚಷ್ಮಾ ಅನ್ನುವವನು, ಮನೆ ಬಾಗಿಲಿಗೇ ಬಂದು ಮೂರು ಪಟ್ಟು ಕೊಡ್ತೀನಿ ಅಂದ. ಕೊಟ್ಬಿಡೋಣ ಅಕ್ಕಾ, ತಂಗಿ ಅಂದಳು. ಸುಮ್ನಿರೇ, ಇನ್ನೂ ಏರುತ್ತೆ. ಏರಲಿಲ್ಲ, ಕಂಪನಿಯವರು ಮತ್ತೆ ಮಾಡಿದರು, ಕಂದೀಲು ನಿಜವಾಗಿ ಉರಿಯುವ ಹೊಸ ಹುಡುಗಿ, ನಮ್ಮವಳನ್ನು ಕೇಳುವವರೇ ಇಲ್ಲ. ಬೆಲೆ ನೆತ್ತಿಗೇರಿದ್ದಾಗಲೇ ತಂಗಿ ತನ್ನ ಪಾಲಿನ ಒಂದನ್ನು ಬಿಚ್ಚಿ ಹೊಲಿಗೆ ಮಷಿನ್ ಪಕ್ಕ ನಿಲ್ಲಿಸಿಕೊಂಡಿದ್ದಳು, ತಲೆ ನೆಟ್ಟಗಿದೆಯೇನೇ, ಸೀಲ್ ಒಡೆದ್ಯಲ್ಲ, ಇನ್ನು ಇದನ್ನ ಯಾರು ಮೂಸಿ ನೋಡ್ತಾರೆ, ಅವಳ ಗಿರಾಕಿಗಳ ಎದುರೇ ಕೂಗಾಡಿದ್ದೆ. ಮುಖ ನೋಡ್ಬೇಕು ಅನ್ನಿಸ್ತು ಕಣಕ್ಕ, ಅಷ್ಟೇ ಅಂದಳು. ಪೆದ್ದಿ, ಕೊಳ್ಳೋರು ಪೆಟ್ಟಿಗೆ ನೋಡ್ತಾರೆ, ಗೊಂಬೆ ನೋಡಲ್ಲ. ಆ ಹುಡುಗಿ ಈಗಲೂ ಅಲ್ಲೇ, ದಾರದ ಉಂಡೆಗಳ ನಡುವೆ, ಚೂರು ಬಟ್ಟೆಯಲ್ಲಿ ದಿನಾ ಒರೆಸಿಸಿಕೊಂಡು, ಒಣಗಿದ ಮುಖ, ನೆಟ್ಟಗಿನ ಬೆನ್ನು. ಈಗ ಚಷ್ಮಾ ಮತ್ತೆ ಬರುತ್ತಿದ್ದಾನೆ, ಹಳೆಯದಕ್ಕೆ ಇನ್ನೊಮ್ಮೆ ಹುಚ್ಚು ಏಳುತ್ತದೆಂದು ಅವನ ಅಂದಾಜು, ನಾವು ಕೊಂಡ ಬೆಲೆಗೆ ಅಷ್ಟನ್ನೂ ಎತ್ತಿಕೊಳ್ಳುತ್ತಾನಂತೆ, ಸೀಲ್ ಒಡೆದಿರಬಾರದು ಅಷ್ಟೆ. ತಂಗಿಗೆ ಮಷಿನ್, ಅಮ್ಮನಿಗೆ ಕೋಣೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ. ಬಾಯಿ ಬಿಟ್ಟರೆ ಎರಡೂ ಇಲ್ಲ.

ಯಾಕಕ್ಕ ಹೀಗೆ ನಿಂತಿದೀಯ — ಬಂದೇ ಬಿಟ್ಟಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇದೆ, ನನ್ನ ಕೈಯಲ್ಲಿದ್ದ ಪೆಟ್ಟಿಗೆಗೆ ಮುಖವಿಟ್ಟು ನೋಡಿದಳು, ಅಯ್ಯೋ ಬೆವರ್ತಿದಾಳಲ್ಲಕ್ಕ, ಜೇಬಿನಿಂದ ಬಟ್ಟೆಯ ಚೂರು ತೆಗೆದು ಒರೆಸಲು ಹೋದಳು, ಪ್ಲಾಸ್ಟಿಕ್ ತಡೆದು ಕೈ ನಿಂತಿತು, ಅಷ್ಟರಲ್ಲಿ ಕಾಲಿಂಗ್ ಬೆಲ್. ಅವಳು ನನ್ನ ಮುಖ ನೋಡಿದಳು, ನಾನು ಅವಳದು, ಆಮೇಲೆ ಅವಳು ಒಂದೊಂದೇ ಪೆಟ್ಟಿಗೆಯನ್ನು, ಹೊಲಿದ ಬಟ್ಟೆ ಮಡಚಿಡುವ ಅದೇ ಅಚ್ಚುಕಟ್ಟಿನಲ್ಲಿ, ಮುಖ ಗೋಡೆಗೆ ಮಾಡಿ ತಿರುಗಿಸಿ ನಿಲ್ಲಿಸತೊಡಗಿದಳು. ನೀನೇ ಅಂದಿದ್ದಲ್ವಾ, ಪೆಟ್ಟಿಗೆ ನೋಡ್ತಾರೆ, ಗೊಂಬೆ ನೋಡಲ್ಲ. ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು, ಈಗ ತಾನೇ ಒರೆಸಲು ಹೋದ ಕೈ ಪೆಟ್ಟಿಗೆ ತಿರುಗಿಸುತ್ತಲೇ ಇತ್ತು. ಚಷ್ಮಾ ಒಳಗೆ ಬಂದ, ಪೆಟ್ಟಿಗೆಯ ಮೂಲೆಗಳನ್ನು ಹೆಬ್ಬೆರಳಲ್ಲಿ ಸವರುತ್ತಾ ಬಂದ, ಭೇಷ್, ಒಂದ್ ಮೂಲೆನೂ ನಗ್ಗಿಲ್ಲ — ನನ್ನ ಕೈ ಒಂದನ್ನು ತಿರುಗಿಸಿತು. ಅಕ್ಕಾ, ತಂಗಿ ಪಿಸುಗುಟ್ಟಿದಳು. ಮುಖ ನೋಡಿ ಸಾರ್, ಎಣ್ಣೆ ಬಿಟ್ಟಿದೆ, ಎಲ್ಲಾದ್ರಲ್ಲೂ ಬಿಟ್ಟಿದೆ, ಅಂದೆ. ಅವನು ಸೀಲಿನ ಅಂಚನ್ನು ಬೆಳಕಿಗೆ ಹಿಡಿದು ನಕ್ಕ, ಬಿಡಿ ಮೇಡಂ, ಬಿಚ್ಚೋರ್ ಯಾರು, ನನ್ ಹತ್ರ ತಗೊಳ್ಳೋನೂ ಬಿಚ್ಚಲ್ಲ, ಅವನ್ ಹತ್ರ ತಗೊಳ್ಳೋನೂ ಬಿಚ್ಚಲ್ಲ, ಮುಖ ಕಟ್ಕೊಂಡು ಯಾರಿಗೇನಾಗ್ಬೇಕು. ತಂಗಿ ಉಸಿರು ಬಿಟ್ಟಳು, ಮಷಿನ್ ಬಂತು, ಅಮ್ಮನ ಕೋಣೆ ಬಂತು, ನಾನು ಹೇಳಿಯೂ ಆಯಿತು, ಇನ್ನು ಹಗುರಾಗಬೇಕಲ್ಲ, ಯಾಕಾಗುತ್ತಿಲ್ಲ — ಪೆಟ್ಟಿಗೆ ಅವನ ಕೈಯಲ್ಲಿ ವಾಲಿದೆ, ತಂಗಿಯ ಮುಷ್ಟಿಯಲ್ಲಿ ಬಟ್ಟೆಯ ಚೂರು ಇನ್ನೂ ಇದೆ, ಹನಿ ಕೆನ್ನೆಯಿಂದ ಗಲ್ಲಕ್ಕಿಳಿದಿದೆ, ಬೀಳುವುದಿಲ್ಲ, ಆರುವುದಿಲ್ಲ, ಯಾರ ಬೆರಳೂ ಮುಟ್ಟಲಾಗದ ಕಡೆ, ಆ ಹನಿ